ಅರದಣ್ಣನ ಶ್ರುತಿ

ನಮ್ಮ ವ್ಯಾನು ಆ ಊರಲ್ಲಿ ನಿಂತದ್ದು ನಮ್ಮ ಇಷ್ಟದಿಂದಲ್ಲ. ಏರಿನಲ್ಲಿ ಕ್ಲಚ್ಚು ಕೈಕೊಟ್ಟಿತು. ಹೇಗೋ ದಿಬ್ಬ ದಾಟಿ, ಇಳಿಜಾರಿನಲ್ಲಿ ತಾನಾಗಿ ಉರುಳಿಕೊಂಡು ಬಂದು, ಊರಿನ ಮೊದಲ ಗ್ಯಾರೇಜಿನ ಮುಂದೆ ದಣಿದ ಎತ್ತಿನ ಹಾಗೆ ನಿಂತುಬಿಟ್ಟಿತು. ಮೆಕ್ಯಾನಿಕ್ ಅದರ ಅಡಿಗೆ ತೂರಿ, ಹೊರಗೆ ಬಂದು, ಸಾಮಾನು ಬೇರೆ ಊರಿಂದ ಬರಬೇಕು, ನಾಲ್ಕು ದಿನವಾದರೂ ಹಿಡಿಯುತ್ತದೆ ಎಂದ. ನಮ್ಮವರ ಮುಖ ಅರಳಿತು. ನಿವೃತ್ತಿಯಾದ ಮೇಲೆ ವ್ಯಾನಿನಲ್ಲಿ ಊರೂರು ಅಲೆಯುವ ಹುಚ್ಚು ಅವರದು. ಅದಕ್ಕೆ ಹೂಂ ಅಂದ ತಪ್ಪು ನನ್ನದು. ಎಲ್ಲಿ ಕೆಟ್ಟು ನಿಂತರೂ ಅದೇ ನಾವು ನೋಡಬೇಕಾಗಿದ್ದ ಊರು ಅನ್ನುತ್ತಾರೆ. ಗ್ಯಾರೇಜಿನ ಎಣ್ಣೆ ವಾಸನೆಯಲ್ಲಿ ನಾಲ್ಕು ದಿನ ಅಡುಗೆ ಮಾಡುವವಳು ನಾನು ತಾನೆ.

ನಾನು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತವಳು. ಮುಖ ನೋಡದೆ ದನಿಯಿಂದಲೇ ಮನುಷ್ಯರನ್ನು ಅಳೆಯುವುದು ಅಭ್ಯಾಸವಾಗಿಬಿಟ್ಟಿದೆ. ಹಾಡು ನನಗೆ ಬರುವುದಿಲ್ಲ. ಆದರೆ ಲೈನಿನಲ್ಲಿ ಕೂಯ್ ಎನ್ನುವ ಟೋನು ಒಂದಿಷ್ಟು ಏರುಪೇರಾದರೂ ತಕ್ಷಣ ಗೊತ್ತಾಗುತ್ತಿತ್ತು. ಸುಳ್ಳು ಹೇಳುವವರ ದನಿಯೂ ಗೊತ್ತಾಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮೂಗು ತೂರಿಸಿದ್ದೆಲ್ಲ ಈ ಕಿವಿಯ ದೆಸೆಯಿಂದ.

ಗ್ಯಾರೇಜಿಗೆ ಅಂಟಿಕೊಂಡೇ ಒಬ್ಬ ಪೇಂಟರನ ಶೆಡ್ಡು. ಗೋಡೆಗೆ ಒರಗಿಸಿದ ತಗಡುಗಳು, ಅರ್ಧ ಬರೆದ ಅಂಗಡಿ ಬೋರ್ಡುಗಳು, ಒಣಗಿದ ಬಣ್ಣದ ಡಬ್ಬಿಗಳು. ನಮ್ಮ ನಂಬರ್ ಪ್ಲೇಟು ಮಾಸಿಹೋಗಿದೆ, ಹೇಗೂ ನಿಂತಿದೆಯಲ್ಲ, ಬರೆಸಿಬಿಡಿ ಎಂದು ಮೆಕ್ಯಾನಿಕ್ ಹೇಳಿದ್ದರಿಂದ ಮಾರನೆಯ ಬೆಳಿಗ್ಗೆ ಪೇಂಟರ್ ಬಂದ. ಅರವತ್ತರ ಹತ್ತಿರದ ಮನುಷ್ಯ, ಮಾತು ಕಮ್ಮಿ. ಬರೆಯುವಾಗ ಕೈ ನಡುಗದಿರಲಿ ಎಂದು ಪೇಂಟರುಗಳು ಒಂದು ಕೋಲಿನ ಮೇಲೆ ಮಣಿಕಟ್ಟು ಆನಿಸಿಕೊಳ್ಳುತ್ತಾರೆ. ಅವನ ಕೋಲು ಬಿದಿರಿನದು, ತುದಿಗೆ ಬಟ್ಟೆ ಸುತ್ತಿತ್ತು. ಹತ್ತಿರದಿಂದ ನೋಡಿದರೆ ಅದರ ಮೈಮೇಲೆ ಸಾಲಾಗಿ ತೂತುಗಳು, ಎಲ್ಲದರಲ್ಲೂ ಬಣ್ಣ ತುಂಬಿ ಗಟ್ಟಿಯಾಗಿದೆ.

ಅಷ್ಟು ಹೊತ್ತಿಗೆ ನಮ್ಮವರು ವ್ಯಾನಿನ ಮೆಟ್ಟಿಲ ಮೇಲೆ ಕೂತು ಕೊಳಲು ತೆಗೆದರು. ದಿನಾ ಬೆಳಿಗ್ಗೆ ರೇಡಿಯೋ ಶುರುವಾಗುವಾಗ ಬರುವ ರಾಗದ ಜೊತೆ ಊದುವುದು ಅವರ ಪದ್ಧತಿ. ಹೇಳಿಕೊಳ್ಳುವಂಥ ವಿದ್ಯೆಯಲ್ಲ, ತಾಳ ತಪ್ಪುತ್ತದೆ, ಉಸಿರು ಸಾಲುವುದಿಲ್ಲ. ಆದರೆ ರೇಡಿಯೋದ ದನಿಗೂ ಕೊಳಲಿನ ದನಿಗೂ ಕೂದಲೆಳೆಯಷ್ಟು ವ್ಯತ್ಯಾಸ ಇರುವುದಿಲ್ಲ, ಅದಕ್ಕೆ ನನ್ನ ಕಿವಿಯೇ ಸಾಕ್ಷಿ. ಪೇಂಟರನ ಬ್ರಷ್ಷು ಏಳರ ಅಂಕಿಯ ಅರ್ಧದಲ್ಲಿ ನಿಂತಿತು. ರಾಗ ಮುಗಿಯುವವರೆಗೂ ಕೈ ಎತ್ತಲಿಲ್ಲ. ಆಮೇಲೆ ಮೆಲ್ಲಗೆ, ಕೊಳಲು ಶ್ರುತಿಯಲ್ಲಿದೆಯೇ ಎಂದು ನನ್ನನ್ನು ಕೇಳಿದ.

"ನಿಮಗೇನನ್ನಿಸ್ತು?" ಅಂದೆ.

"ನನಗೆ ಸರಿಯಾಗೇ ಕೇಳಿಸ್ತು, ಅಮ್ಮಾ. ಆದರೆ ನನ್ನ ಕಿವಿ ನಂಬೋ ಹಾಗಿಲ್ಲ."

ಕೆದಕಿ ಕೆದಕಿ ಕೇಳಿದ ಮೇಲೆ ಅವನು ಹೇಳಿದ್ದಿಷ್ಟು. ಊರಿನಲ್ಲಿ ಒಂದು ಹಾಡುಗಾರರ ಬಳಗವಿದೆ. ಇವನು ಅದರಲ್ಲಿ ಕೊಳಲು ಊದುತ್ತಿದ್ದ. ಕೊಳಲುಗಳನ್ನು ತಾನೇ ಕೊಯ್ದು ಮಾಡುತ್ತಿದ್ದ. ಇಪ್ಪತ್ತು ವರ್ಷ ಎಲ್ಲ ಸರಿಯಿತ್ತು. ಆಮೇಲೆ ಒಂದು ವರ್ಷ ಕೊಳಲು ಹಾರ್ಮೋನಿಯಂಗೆ ಹೊಂದಲಿಲ್ಲ. ಹೊಸದು ಕೊಯ್ದು, ಹೊಂದಿಸಿ, ಊದಿದ. ಮರುವರ್ಷ ಅದೂ ಹೊಂದಲಿಲ್ಲ. ಇನ್ನೊಂದು ಕೊಯ್ದ. ಅದೂ ಅಷ್ಟೆ. ಮೂರನೆಯದೂ ಕೆಟ್ಟಾಗ ಬಳಗದ ಹಿರಿಯ, ವಾದ್ಯಗಳನ್ನೆಲ್ಲ ರಿಪೇರಿ ಮಾಡುವ ಅರದಣ್ಣ, ಇವನನ್ನು ಬದಿಗೆ ಕರೆದು, ದೋಷ ಬಿದಿರಿನದಲ್ಲ, ಕಿವಿ ತೋರಿಸಿಕೋ ಎಂದು ಹೇಳಿದ. ಇವನು ಡಾಕ್ಟರ ಹತ್ತಿರ ಹೋದ. ಅವರಿಗೆ ಏನೂ ಕಾಣಲಿಲ್ಲ. ಆದರೆ ಊರಿನಲ್ಲಿ ಶ್ರುತಿಯ ವಿಷಯಕ್ಕೆ ಡಾಕ್ಟರಿಗಿಂತ ಅರದಣ್ಣನ ಮಾತು ದೊಡ್ಡದು. ಇದು ಹನ್ನೊಂದು ವರ್ಷದ ಹಿಂದಿನ ಕಥೆ. ಮೂರನೆಯ ಕೊಳಲೇ ಈಗ ಅವನ ಕೈಕೆಳಗಿನ ಕೋಲು.

ಇದನ್ನೆಲ್ಲ ಅವನು ದೂರುವ ದನಿಯಲ್ಲಿ ಹೇಳಲಿಲ್ಲ. ಹಲ್ಲು ಬಿದ್ದ ವಿಷಯ ಹೇಳುವಂತೆ ಹೇಳಿದ. ನನಗೆ ಯಾಕೋ ಅದೇ ಹೆಚ್ಚು ಸಂಕಟವಾಯಿತು.

ಬಳಗದ ಅಭ್ಯಾಸ ಅವತ್ತೇ ಸಂಜೆ ಇತ್ತು. ಕೊಳಲು ಹಿಡಿದುಕೊಂಡು ಹೋಗಿ, ಕೊಳಲಿನವರು ಅಂದರೆ ಸಂತೋಷಪಡುತ್ತಾರೆ ಎಂದು ಪೇಂಟರನೇ ನಮ್ಮವರನ್ನು ಹುರಿದುಂಬಿಸಿದ. ದಾರಿ ತೋರಿಸಲು ಜೊತೆಗೂ ಬಂದ. ಬಡಗಿಯ ಅಂಗಡಿಯ ಮೇಲಿನ ಉದ್ದ ಕೋಣೆ. ಮೆಟ್ಟಿಲ ಮೇಲೆಲ್ಲ ಮರದ ಹೊಟ್ಟು. ಪೇಂಟರ್ ಕೊನೆಯ ಮೆಟ್ಟಿಲಿನಲ್ಲೇ ನಿಂತ. ಒಳಗೆ ಬನ್ನಿ ಅಂದರೆ, ಇಲ್ಲಿಂದ ಕೇಳಿಸುತ್ತೆ ಅಂದ. ಒಳಗಿನ ಗೋಡೆಯುದ್ದಕ್ಕೂ ಹರಡಿದ್ದ ಪರದೆ, ನದಿ, ದೋಣಿ, ಆಚೆ ದಡದ ದೀಪಗಳು, ಎಲ್ಲವೂ ಅವನೇ ಬರೆದದ್ದು. ಅವನ ಕೈಗೆ ಆ ಕೋಣೆಯಲ್ಲಿ ಜಾಗವಿತ್ತು, ಕಿವಿಗೆ ಇರಲಿಲ್ಲ.

ಏಳೆಂಟು ಜನ ಕೂತಿದ್ದರು. ಪಿಟೀಲು ಟೈಲರನದು, ಹಾಡುವವಳು ಆಸ್ಪತ್ರೆಯ ನರ್ಸು. ಅರದಣ್ಣ ಹಾರ್ಮೋನಿಯಂ ಹಿಂದೆ. ಎಪ್ಪತ್ತರ ಮೇಲಿನ ಸಣಕಲು ಮುದುಕ, ಜೇಬಿನಲ್ಲಿ ಯಾವಾಗಲೂ ಲೋಹ ಉಜ್ಜುವ, ಪೆನ್ನಿನಷ್ಟು ಉದ್ದದ ಒಂದು ಅರ. ಹೆಸರು ಬಂದದ್ದು ಅದರಿಂದಲೇ. ನಮ್ಮನ್ನು ಪ್ರೀತಿಯಿಂದಲೇ ಕೂರಿಸಿದ. ನಮ್ಮವರು ಕೊಳಲು ತುಟಿಗಿಟ್ಟರು. ಮೊದಲ ಸ್ವರಕ್ಕೇ ನನಗೆ ಹಲ್ಲು ಜುಮ್ಮೆಂದಿತು. ಎರಡು ದನಿ ಒಂದಕ್ಕೊಂದು ಉಜ್ಜಿಕೊಂಡು ಗೊರಗೊರ ಎನ್ನುತ್ತಿದ್ದವು. ಟೈಲರು ಒಂದು ಮನೆ ಮೇಲಿಂದ ನೋಡೋಣ ಎಂದ. ಮನೆ ಎಂದರೆ ಹಾಡಿಗೆ ಆಧಾರವಾಗಿ ಹಿಡಿಯುವ ಸ್ವರದ ಕೀಲಿ. ಹಾರ್ಮೋನಿಯಂನಲ್ಲಿ ಪಕ್ಕದ ಮನೆ ಒತ್ತಿದರು. ಅದಕ್ಕೂ ಕೂಡಲಿಲ್ಲ. ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಅರದಣ್ಣ ಕೈ ತೆಗೆದು, ಕೊಳಲು ಶ್ರುತಿಯಲ್ಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದ. ಬಳಗದವರು ಪಾಪ ಎನ್ನುವಂತೆ ನೋಡಿದರು. ನಮ್ಮವರು ಹೌದೇನೋ, ಸಂತೆಯಲ್ಲಿ ಕೊಂಡದ್ದು ಎಂದು ನಕ್ಕು ಕೊಳಲನ್ನು ಚೀಲಕ್ಕೆ ಸೇರಿಸಿದರು. ನಾನು ಬಾಗಿಲ ಕಡೆ ನೋಡಿದೆ. ಮೆಟ್ಟಿಲ ಮೇಲೆ ಪೇಂಟರ್ ತಲೆ ತಗ್ಗಿಸಿಕೊಂಡು ನಿಂತಿದ್ದ. ಬೆಳಿಗ್ಗೆ ಸರಿಯಾಗಿ ಕೇಳಿಸಿತು ಅಂದಿದ್ದನಲ್ಲ, ಆ ಅಲ್ಪಸ್ವಲ್ಪ ನಂಬಿಕೆಯೂ ಅಲ್ಲಿಗೆ ಮುಗಿದಿತ್ತು.

ಆಮೇಲೆ ಹಾಡು ಶುರುವಾಯಿತು. ನರ್ಸಿನದು ಎಳೆಯ, ಎತ್ತರದ ಗಂಟಲು. ಆದರೆ ಹಾಡು ಎಷ್ಟು ಕೆಳಗಿತ್ತೆಂದರೆ ಪಾಪ ಆ ಹುಡುಗಿ ಬಾವಿಯಿಂದ ನೀರು ಸೇದುವಂತೆ ಸ್ವರ ಎಳೆಯುತ್ತಿದ್ದಳು. ಇವಳಿಗೆ ಇಷ್ಟು ತಗ್ಗಿನಲ್ಲಿ ಯಾಕೆ ಹಾಡಿಸುತ್ತಾರೆ ಎಂದು ಪಕ್ಕದವರನ್ನು ಕೇಳಿದೆ. ಅರದಣ್ಣನ ಹೆಂಡತಿ ಹಾಡುತ್ತಿದ್ದ ಮನೆ ಅದು, ಆಕೆ ತೀರಿಕೊಂಡು ಎರಡು ವರ್ಷವಾಯಿತು, ಬಳಗ ಅದನ್ನೇ ಉಳಿಸಿಕೊಂಡಿದೆ ಎಂದರು. ಬೆಟ್ಟದ ಆಚೆಗೂ ಕೇಳುವಂಥ ಗಂಟಲಂತೆ ಆಕೆಯದು. ಅಂಥ ಗಂಟಲು ಇಷ್ಟು ತಗ್ಗಿನ ಮನೆ ಹಿಡಿದಿತ್ತೇ ಎಂದು ನನ್ನ ತಲೆಯಲ್ಲಿ ಹುಳ ಹೊಕ್ಕಿತು.

ವ್ಯಾನಿಗೆ ಬಂದ ಮೇಲೆ ನಮ್ಮವರು ಕೊಳಲನ್ನು ಸ್ಪ್ಯಾನರು ಪೆಟ್ಟಿಗೆಯ ತಳಕ್ಕೆ ಹಾಕಿದರು. ಮಾರನೆಯ ಬೆಳಿಗ್ಗೆ ರೇಡಿಯೋ ತನ್ನ ಪಾಡಿಗೆ ರಾಗ ಬಾರಿಸಿತು, ಇವರು ಪೇಪರು ಓದುತ್ತಾ ಕೂತರು. ನನಗೆ ತಡೆಯಲಾಗಲಿಲ್ಲ. ಅವರ ಊದುವಿಕೆಯನ್ನು ನಾನೇ ಸಾವಿರ ಸಲ ಆಡಿಕೊಂಡಿದ್ದೇನೆ. ಅದು ನನ್ನ ಹಕ್ಕು. ಬೇರೆಯವರು ಆಡಿಕೊಂಡರೆ ಸಹಿಸುವುದಿಲ್ಲ. ಪೆಟ್ಟಿಗೆಯಿಂದ ಕೊಳಲು ತೆಗೆದು, ಬ್ಯಾಟರಿ ರೇಡಿಯೋ ಕಂಕುಳಲ್ಲಿ ಇರಿಸಿಕೊಂಡು, ಅರದಣ್ಣನ ಮನೆ ಹುಡುಕಿಕೊಂಡು ಹೋದೆ.

ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಮೈ ಬಿಚ್ಚಿಕೊಂಡ ಒಂದು ಹಾರ್ಮೋನಿಯಂ. ಅದರೊಳಗೆ ಸಾಲು ಸಾಲು ರೀಡುಗಳು. ರೀಡೆಂದರೆ ಹಿತ್ತಾಳೆಯ ತೆಳ್ಳನೆಯ ನಾಲಗೆ. ಗಾಳಿ ಹಾಯ್ದಾಗ ಅದು ಅದುರುವುದೇ ಸ್ವರ. ಅವನು ಒಂದೊಂದನ್ನೇ ಅರದಿಂದ ಮೆಲ್ಲಗೆ ಕೆರೆಯುತ್ತಿದ್ದ. ಮೊದಲು ಕೆಲಸದ ಮಾತು ಆಡಿಸಿದೆ. ನಾಲಗೆಯ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ ಎಂದು ಸಂತೋಷದಿಂದ ವಿವರಿಸಿದ. ಕೆರೆದ ಹಿತ್ತಾಳೆ ಮತ್ತೆ ಬರುವುದಿಲ್ಲವಾದ್ದರಿಂದ ಕೈ ಹಗುರವಿರಬೇಕಂತೆ. ಬಳಗದ ಎರಡು ಹಾರ್ಮೋನಿಯಂಗಳೂ ವರ್ಷಕ್ಕೊಮ್ಮೆ ಅವನ ಮೇಜಿಗೆ ಬರುತ್ತವೆ. ಪಿಟೀಲಿನ ತಂತಿ, ಚರ್ಮದ ವಾದ್ಯ, ಎಲ್ಲ ಅವಕ್ಕೆ ತಕ್ಕಂತೆ ಬಿಗಿಯಾಗುತ್ತವೆ, ಸಡಿಲವಾಗುತ್ತವೆ. ಹೊರಗಿನ ವಾದ್ಯಗಾರರು ಈ ಊರಿಗೆ ಬರುವುದು ಅಪರೂಪ.

ನಾನು ರೇಡಿಯೋ ಮೇಜಿನ ಮೇಲಿಟ್ಟು, ನಮ್ಮವರ ಕೊಳಲನ್ನು ಅದರ ಪಕ್ಕ ಇಟ್ಟೆ. "ಈ ಕೊಳಲು ಏಳು ವರ್ಷದಿಂದ ಈ ರೇಡಿಯೋ ಜೊತೆ ಊದ್ತಾ ಇದೆ. ಒಂದು ದಿನ ಜಗಳ ಆಡಿಲ್ಲ. ಇಡೀ ದೇಶಕ್ಕೆ ಒಂದು ಶ್ರುತಿ, ನಿಮ್ಮೂರಿಗೆ ಒಂದು ಶ್ರುತಿನಾ, ಅರದಣ್ಣ?"

ಅವನು ಎದ್ದು ಬೀದಿ ಬಾಗಿಲು ಮುಂದೆ ಮಾಡಿ ಬಂದು ಕೂತ. ದನಿ ತೆಗೆದಾಗ ಅದು ಸಿಕ್ಕಿಬಿದ್ದ ಮನುಷ್ಯನ ದನಿಯಾಗಿರಲಿಲ್ಲ. ಬಹಳ ದಿನದಿಂದ ಭಾರ ಹೊತ್ತು, ಇಳಿಸಲು ಜಗಲಿ ಹುಡುಕುತ್ತಿದ್ದವನ ದನಿ.

ಹೆಂಡತಿಗೆ ಐವತ್ತನಾಲ್ಕು ತುಂಬಿದ ವರ್ಷ ಮೇಲಿನ ಸ್ವರಗಳು ಒಡೆಯತೊಡಗಿದವಂತೆ. ಅವಳಿಗೆ ಅದು ಗೊತ್ತಾಗುವ ಮುಂಚೆ ಇವನಿಗೆ ಗೊತ್ತಾಯಿತು. ಸ್ವರ ಕೇಳುವುದೇ ಇವನ ಕಸುಬಲ್ಲವೇ. ಒಂದು ಮನೆ ಕೆಳಗಿಂದ ಹಾಡು ಎನ್ನಬಹುದಿತ್ತು, ಎಲ್ಲರೂ ಹಾಗೆ ಮಾಡುತ್ತಾರೆ. ಆದರೆ ಅವಳದು ಹಠದ ಜೀವ. ನನ್ನ ಮನೆ ಬಿಟ್ಟು ಇಳಿಯುವ ದಿನ ಹಾಡುವುದನ್ನೇ ಬಿಡುತ್ತೇನೆ ಎಂದು ಬಳಗದ ಎದುರಿಗೇ ಹೇಳಿದ್ದಳು, ಹೇಳಿದರೆ ಮಾಡುವವಳು. ಹಾಡು ಬಿಟ್ಟರೆ ಅವಳಿಗೆ ಇನ್ನೇನೂ ಇರಲಿಲ್ಲ. ಮಕ್ಕಳಿರಲಿಲ್ಲ, ಹೊರಗಿನ ಕೆಲಸವಿರಲಿಲ್ಲ. ಹಾಗಾಗಿ ಆ ವರ್ಷ ವಾದ್ಯಗಳು ಮೇಜಿಗೆ ಬಂದಾಗ ಇವನು ಪ್ರತಿ ರೀಡಿನ ಬುಡವನ್ನೂ ಕೂದಲೆಳೆಯಷ್ಟು ಕೆರೆದ. ಅವಳು ತನ್ನ ಅದೇ ಮನೆ ಒತ್ತಿಸಿಕೊಂಡು ಹಾಡಿದಳು. ಮೇಲಿನ ಸ್ವರ ಒಡೆಯಲಿಲ್ಲ. ಗಂಟಲು ಮತ್ತೆ ಹಗುರಾಯಿತು ಎಂದು ಮನೆಗೆ ಬಂದು ಹೇಳಿದಳಂತೆ.

ಮರುವರ್ಷ ಮತ್ತೆ ಕೆರೆದ. ಅದರ ಮರುವರ್ಷವೂ. ಹನ್ನೆರಡು ವರ್ಷದಲ್ಲಿ ಇಡೀ ಊರು ಮುಕ್ಕಾಲು ಮನೆಯಷ್ಟು ಕೆಳಗಿಳಿದಿತ್ತು, ಎಲ್ಲರೂ ಒಟ್ಟಿಗೇ ಇಳಿದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಅರವತ್ತಾರರವರೆಗೂ ಅವಳು ಹಾಡಿದಳು. ಆಮೇಲೆ ಮೂರೇ ತಿಂಗಳ ಕಾಯಿಲೆ.

"ಒಬ್ಬನಿಗೆ ಗೊತ್ತಾಯ್ತಲ್ಲ," ಅಂದೆ.

ಅವನು ಅರವನ್ನು ಜೇಬಿಗಿಟ್ಟ, ಮತ್ತೆ ತೆಗೆದ. "ಕೊಳಲನ್ನ ಕೆರೆಯೋಕೆ ಬರಲ್ಲ. ಅವನು ಊದಿದ ತಕ್ಷಣ ನನ್ನ ಕೆಲಸ ಬಯಲಾಗ್ತಿತ್ತು. ಮೂರು ವರ್ಷ ಹೇಗೋ ತಡ್ಕೊಂಡೆ. ನಾಲ್ಕನೇ ಸಲ ಹಾರ್ಮೋನಿಯಂ ಒಂದ್ಸಲ ನೋಡು ಅಂತ ಅವನು ಕೇಳಿದ. ನನ್ನ ಹೆಂಡತಿ ಎದುರಿಗೇ ಕೇಳಿದ. ಅವನ ಕಿವಿ ಕೆಟ್ಟಿದೆ ಅಂದ್ಬಿಟ್ಟೆ."

ನನಗೆ ಸಿಟ್ಟು ಬಂತು. ಅವನ ಹೆಂಡತಿಯ ಮೇಲಿನ ಅಕ್ಕರೆಗೆ ಕಣ್ಣು ತುಂಬಿತು, ಅದೂ ನಿಜ. ಆದರೆ ಸಿಟ್ಟು ಅದಕ್ಕಿಂತ ದೊಡ್ಡದಾಗಿತ್ತು. ಒಬ್ಬಳ ಗಂಟಲು ಉಳಿಸಲು ಇನ್ನೊಬ್ಬನ ಕಿವಿ ಕಿತ್ತಿದ್ದಾನೆ ಈ ಮನುಷ್ಯ. ಅವಳು ಹೋಗಿ ಎರಡು ವರ್ಷವಾದರೂ ಯಾಕೆ ಹೇಳಲಿಲ್ಲ ಎಂದೆ. ಹೇಳಿದರೆ ಶ್ರುತಿ ಮತ್ತೆ ಏರಿಸಬೇಕಾಗುತ್ತದೆ, ಏರಿಸಿದರೆ ಅವಳು ಹಾಡಿದ ಜಾಗ ಊರಲ್ಲಿ ಇರುವುದಿಲ್ಲ ಎಂದ. ಆಮೇಲೆ ತಡೆದು, ಪೇಂಟರನ ಮುಖ ನೋಡುವ ಧೈರ್ಯವಿಲ್ಲ, ಅದೇ ನಿಜವಾದ ಕಾರಣ ಎಂದ.

ಇದು ನಾನು ಹೇಳುವ ಸುದ್ದಿಯಲ್ಲ, ನೀವೇ ಹೇಳಬೇಕು ಎಂದು ಹೇಳಿ ಎದ್ದುಬಂದೆ. ಎಕ್ಸ್‌ಚೇಂಜಿನಲ್ಲಿ ಕಲಿತ ಪಾಠ ಅದು. ಲೈನು ಕೂಡಿಸಿಕೊಡಬಹುದು, ನಡುವೆ ಮಾತಾಡಬಾರದು. ನಾಡಿದ್ದು ಬೆಳಿಗ್ಗೆ ನಾವು ಹೊರಡುತ್ತೇವೆ ಎಂದು ಮಾತ್ರ ಬಾಗಿಲಲ್ಲಿ ನಿಂತು ತಿಳಿಸಿದೆ. ನಮ್ಮವರಿಗೂ ಏನೂ ಹೇಳಲಿಲ್ಲ. ಮಾರನೆಯ ದಿನವೆಲ್ಲ ಕಣ್ಣು ಬೀದಿಯ ಮೇಲೇ ಇತ್ತು. ಸಾಮಾನು ಬಂತು, ಮೆಕ್ಯಾನಿಕ್ ಕ್ಲಚ್ಚು ಕೂರಿಸಿದ, ಅರದಣ್ಣನ ಸುಳಿವಿಲ್ಲ. ಪೇಂಟರ್ ಕಪ್ಪು ಬಣ್ಣದ ಎರಡನೆಯ ಕೋಟು ಕೊಟ್ಟ. ಮೂರು ಸಲ ಅವನ ಹತ್ತಿರ ಹೋಗಿ, ಮೂರು ಸಲವೂ ಹವಾಮಾನದ ಮಾತಾಡಿ ವಾಪಸು ಬಂದೆ.

ಹೊರಡುವ ದಿನ ಪೇಂಟರ್ ಪ್ಲೇಟಿನ ಅಂಚು ತಿದ್ದುತ್ತಾ ಕುಕ್ಕರುಗಾಲಲ್ಲಿ ಕೂತಿದ್ದ. ನಮ್ಮವರು ಎಂಜಿನ್ ಶುರುಮಾಡಿ ನೋಡಿ ಆರಿಸಿದರು. ಆ ಸದ್ದು ನಿಂತಾಗ ಅರದಣ್ಣ ಗ್ಯಾರೇಜಿನ ಹೊಸ್ತಿಲಲ್ಲಿ ನಿಂತಿದ್ದ. ಒಗೆದ ಅಂಗಿ ತೊಟ್ಟಿದ್ದ. ಕಾಲ ಬಳಿ ಇದ್ದ ಹಳೆಯ ಟೈರಿನ ಮೇಲೆ ಕೂತು, ಪೀಠಿಕೆಯಿಲ್ಲದೆ, ನನಗೆ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದ. ಒಂದನ್ನೂ ಬಿಡಲಿಲ್ಲ, ತನ್ನನ್ನು ಸಮರ್ಥಿಸಿಕೊಳ್ಳಲೂ ಇಲ್ಲ. ಪೇಂಟರ್ ಬ್ರಷ್ಷು ಕೆಳಗಿಡಲಿಲ್ಲ. ಅಂಚಿನ ಗೆರೆ ಎಳೆಯುತ್ತಲೇ ಕೇಳಿದ. ಗೆರೆ ಒಂದು ಕಡೆಯೂ ಸೊಟ್ಟಗಾಗಲಿಲ್ಲ. ಅದನ್ನು ನೋಡಿ ನನಗೆ ಭಯವಾಯಿತು.

"ಅತ್ತಿಗೆ ನನ್ನ ವಿಷಯ ಕೇಳ್ತಿದ್ರಾ?" ಅಂದ ಕೊನೆಗೆ. ಅರದಣ್ಣನ ಹೆಂಡತಿ ಅವನಿಗೆ ಅತ್ತಿಗೆ.

"ಪ್ರತಿ ವರ್ಷ ಕೇಳ್ತಿದ್ಲು. ಕರ್ಕೊಂಡು ಬಾ ಅಂತಿದ್ಲು."

"ನೀನೇನಂದೆ?"

"ಅವನಿಗೆ ಕೇಳಿಸಲ್ಲ, ಕರೆದರೆ ನೊಂದ್ಕೋತಾನೆ ಅಂದೆ."

ಪೇಂಟರ್ ಈಗ ಬ್ರಷ್ಷನ್ನು ಡಬ್ಬಿಗೆ ಹಾಕಿದ. ಬಿದಿರಿನ ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಬಣ್ಣ ಮೆತ್ತಿದ ತೂತುಗಳ ಮೇಲೆ ಬೆರಳಾಡಿಸಿದ. ಬೆರಳುಗಳು ತಮ್ಮ ತಮ್ಮ ಜಾಗದಲ್ಲಿ ತಾವಾಗಿ ಕೂತವು.

"ನನಗೊಬ್ಬನಿಗೆ ಹೇಳಿದ್ರೆ ಸಾಕಿತ್ತಲ್ಲೋ," ಅಂದ. "ವರ್ಷಕ್ಕೊಂದು ಕೊಳಲು ಕೊಯ್ಕೋತಿದ್ದೆ. ನೀನೆಷ್ಟು ಇಳಿಸ್ತೀಯೋ ಅಷ್ಟು ಉದ್ದ ಬಿದಿರು. ಅತ್ತಿಗೆಗೆ ನಾನೇನು ಹೇಳ್ತಿದ್ನಾ?"

ಐವತ್ತು ವರ್ಷ ಹಿತ್ತಾಳೆ ಕೆರೆದವನು ಅರದಣ್ಣ. ಕೆರೆದದ್ದು ಮತ್ತೆ ಬರುವುದಿಲ್ಲ ಎನ್ನುವುದೊಂದೇ ಅವನಿಗೆ ಗೊತ್ತಿದ್ದ ಲೆಕ್ಕ. ಬಿದಿರನ್ನು ಹೊಸದಾಗಿ ಕೊಯ್ದುಕೊಳ್ಳಬಹುದು, ಸ್ನೇಹಿತನನ್ನು ಗುಟ್ಟಿನೊಳಗೆ ಕರೆದುಕೊಳ್ಳಬಹುದು ಎನ್ನುವುದು ಆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನ ತಲೆಗೆ ಹೊಳೆದಿರಲಿಲ್ಲ. ಈಗ ಹೊಳೆದದ್ದು ಅವನ ಮುಖದಲ್ಲಿ ಕಂಡಿತು. ಅಂಥ ಮುಖವನ್ನು ನಾನು ಮತ್ತೆ ನೋಡಲಾರೆ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯದು.

ನಮ್ಮವರು ಏನೋ ಕೇಳಲು ಬಂದವರು ನನ್ನ ಕಣ್ಣು ನೋಡಿ ಸುಮ್ಮನಾದರು. ಆಮೇಲೆ ಪೇಂಟರ್, ಅತ್ತಿಗೆಯ ಸ್ವರ ಈಗ ಎಲ್ಲಿಗೆ ಇಳಿದಿದೆ, ಕೇಳಿಸು ಎಂದ. ಅರದಣ್ಣ ಜೇಬಿಗೆ ಕೈ ಹಾಕಿದ. ಹೆಂಡತಿ ಹಾಡುತ್ತಿದ್ದ ಮನೆಯ ರೀಡು, ಒಂದು ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಬಿಚ್ಚಿ, ತುಟಿಗೆ ಹಿಡಿದು ಊದಿದ. ಉಸಿರು ಅದುರುತ್ತಿತ್ತು, ಸ್ವರ ಅದುರಲಿಲ್ಲ. ತಗ್ಗಿನ, ಬೆಚ್ಚಗಿನ ಒಂದು ದನಿ ಗ್ಯಾರೇಜಿನ ತಗಡಿಗೆ ತಾಗಿ ನಿಂತಿತು.

ಪೇಂಟರ್ ಕಣ್ಣು ಮುಚ್ಚಿ ಕೇಳಿದ. ಇನ್ನೊಮ್ಮೆ ಎಂದು ಕೈ ಸನ್ನೆ ಮಾಡಿದ. ಎರಡನೆಯ ಸಲ ಊದಿ ಮುಗಿದ ಮೇಲೆ ಕಣ್ಣು ತೆರೆದು, ತೊಡೆಯ ಮೇಲಿನ ಬಿದಿರಿನ ತುದಿಗೆ ಒಂದು ಬೆರಳನ್ನು ಅಡ್ಡ ಇಟ್ಟ.

"ನಾನು ಬಿಟ್ಟ ಮೇಲೆ ಇನ್ನೂ ಒಂದು ಬೆರಳಷ್ಟು ಇಳಿಸಿದ್ದೀಯ," ಅಂದ.

ಹನ್ನೊಂದು ವರ್ಷದ ಹಿಂದಿನ ಸ್ವರವನ್ನು ಕಿವಿಯಲ್ಲಿ ಹಾಗೇ ಇಟ್ಟುಕೊಂಡಿದ್ದ ಮನುಷ್ಯ ಇವನು. ಅರದಣ್ಣ ಆ ಬೆರಳನ್ನೇ ನೋಡುತ್ತಾ ಹೌದು ಎಂದು ತಲೆಯಾಡಿಸಿದ, ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ಪೇಂಟರ್ ಅವನನ್ನು ಸಮಾಧಾನ ಮಾಡಲಿಲ್ಲ. ಎದ್ದೂ ಹೋಗಲಿಲ್ಲ. ಒಂದು ಮೊಳೆ ಹುಡುಕಿಕೊಂಡು ಬಂದು, ಅದೇ ಜಾಗದಲ್ಲಿ ಕೂತು, ಕೊಳಲಿನ ಮೊದಲನೆಯ ತೂತಿನಿಂದ ಒಣಗಿದ ಬಣ್ಣ ಕೆರೆಯತೊಡಗಿದ.